ಹಗೇವಿನ ದಂಡೆಯ ಮೇಲೆ ನಿಂತವರು

ಬೆಟಗೇರಿಯ ನಾಗರತ್ನಾಳಿಗೆ ಕಿವಿಯೇ ಕಸುಬು. ಸಣ್ಣಪುಟ್ಟ ವ್ಯಾಪಾರ ಮಾಡುವವರ ಎದುರು ಕುಳಿತು, ಅವರ ಮಾತನ್ನು ಪೂರ್ತಿ ಕೇಳಿ, ಅವರು ಬಳಸಿದ ಶಬ್ದವನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳುವುದು ಅವಳ ಕೆಲಸ. ಯಾರಾದರೂ ತಲೆಯ ಮೇಲೆ ಹೊರೆ ಇದ್ದಂತಿದೆ ಎಂದರೆ ಅವಳು ಧೈರ್ಯವನ್ನೂ ಹೇಳುವುದಿಲ್ಲ, ಉಪಾಯವನ್ನೂ ಹೇಳುವುದಿಲ್ಲ. ಅದು ಎಂಥ ಹೊರೆ ಎಂದು ಕೇಳಿ ಕಾಯುತ್ತಾಳೆ. ಹೋಲಿಕೆ ಅವರದು, ಅದರೊಳಗೆ ನಿನ್ನದೊಂದು ಶಬ್ದವನ್ನೂ ತುರುಕಬೇಡ ಎಂದು ಕಲಿಸಿದವರು ಹೇಳಿದ್ದರು. ಇಷ್ಟಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಓಣಿಯವರು ನಗುತ್ತಾರೆ. ನಗಲಿ. ಎದುರಿನವರು ಮಾತಾಡುವಾಗ ಬಾಯಿ ಮುಚ್ಚಿಕೊಂಡು ಕೂಡುವುದು ಆ ನಗುವವರಿಂದ ಅರ್ಧ ಗಳಿಗೆಯೂ ಆಗದ ಕೆಲಸ.

ಜನ ಅದನ್ನು ತಾಳ್ಮೆ ಎನ್ನುತ್ತಾರೆ. ಅದು ಹೆದರಿಕೆ. ಅವಳಪ್ಪ ನೇಕಾರ. ಮಗ್ಗ ಸದ್ದು ಮಾಡುತ್ತಿರುವವರೆಗೆ ಮನೆಯವರೆಲ್ಲ ನಿಶ್ಚಿಂತೆಯಿಂದ ಇರುತ್ತಿದ್ದರು; ಮಗ್ಗ ನಿಂತಿತೆಂದರೆ ಅಪ್ಪ ಎದ್ದ, ಇನ್ನು ಯಾರಿಗೋ ಏಟು ಬೀಳುತ್ತದೆ ಎಂದರ್ಥ. ಅಪ್ಪ ತೀರಿಕೊಂಡು ವರ್ಷಗಳಾದರೂ ಯಾರಾದರೂ ಸುಮ್ಮನಾದರೆ ಅವಳ ಕೈ ಬೆವರುತ್ತವೆ. ಪ್ರಶ್ನೆ ಕೇಳಿ ಸುಮ್ಮನೆ ಕಾಯುವ ಕೆಲಸಕ್ಕೇ ಬಂದು ಬಿದ್ದಿದ್ದಾಳೆ, ಹಣೆಬರಹ ನೋಡಿ.

ಹೋದ ಚಳಿಗಾಲದಲ್ಲಿ ಲಕ್ಷ್ಮೇಶ್ವರದಿಂದ ಅಂಕಿತಾ ಎಂಬ ಹುಡುಗಿ ಫೋನ್ ಮಾಡಿದಳು. ಅವಳ ಅಪ್ಪ ಸಿದ್ದಲಿಂಗೇಶ ಗಾಣದೆಣ್ಣೆಯ ವ್ಯಾಪಾರಿ. ಗದಗಿನಲ್ಲಿ ಇನ್ನೊಂದು ಅಂಗಡಿ ತೆರೆಯುವುದು, ಅದನ್ನು ಅಂಕಿತಾ ನಡೆಸುವುದು ಎಂದು ನಿಶ್ಚಯವಾಗಿತ್ತು. ಆದರೆ ಮಳಿಗೆ ಗೊತ್ತುಮಾಡುವ ದಿನ ಬಂದರೆ ಸಾಕು, ಅಪ್ಪನಿಗೆ ಮೈಯೆಲ್ಲ ನಡುಕ, ಹೋಗುವುದು ರದ್ದು. ಮಳಿಗೆಯ ಯಜಮಾನ ಮರುದಿನದವರೆಗೆ ಮಾತ್ರ ಕಾಯುವವನಿದ್ದ. ಈ ಸಲ ತಪ್ಪಿದರೆ ತನ್ನ ಅಂಗಡಿಯ ಆಸೆಗೆ ಎಳ್ಳುನೀರು ಬಿಡಬೇಕಷ್ಟೆ ಎಂದಳು ಅಂಕಿತಾ.

ನಾಗರತ್ನಾ ಅಂದೇ ಬಸ್ಸು ಹತ್ತಿ ಹೋದಳು. ಗಾಣದ ಹಿಂದಿನ ಕೋಣೆಯಲ್ಲಿ ಸಿದ್ದಲಿಂಗೇಶ ಚಹಾ ತರಿಸಿದ, ಶೇಂಗಾ ಬೆಳೆಯ ಮಾತಾಡಿದ. ಗದಗಿನ ಅಂಗಡಿ ನೆನೆದಾಗ ಏನಾಗುತ್ತದೆ ಎಂದು ಅವಳು ಕೇಳಿದಳು.

"ಹಗೇವು ತಗದಂಗ ಆಗ್ತೈತ್ರಿ," ಎಂದ. ಮುಂದೆ ಮಾತಿಲ್ಲ.

ಹಗೇವೆಂದರೆ ನೆಲದೊಳಗೆ ಜೋಳ ತುಂಬಿಡುವ ಆಳದ ಗುಂಡಿ. ನೇಕಾರರ ಮಗಳಿಗೆ ಅದರ ಹೆಸರು ಗೊತ್ತು, ಅದರ ಒಳಗು ಗೊತ್ತಿಲ್ಲ. ಜೋಳ ತುಂಬಿದ್ದೆಂದರೆ ಒಳ್ಳೆಯದೇ ಇರಬೇಕು ಎಂದುಕೊಂಡಳು. ಅವನು ಇನ್ನೂ ಸುಮ್ಮನೇ ಇದ್ದ. ಅವಳ ಕೈ ಬೆವರಿದವು. ತಾಳಲಾರದೆ, ಕಲಿತದ್ದನ್ನೆಲ್ಲ ಗಾಳಿಗೆ ತೂರಿ ಅಂದುಬಿಟ್ಟಳು: "ಹಂಗಾರ ಒಳಗ ಇಳೀರಿ. ಏನೈತಿ ನೋಡೂಣಂತ."

ಸಿದ್ದಲಿಂಗೇಶನ ಮುಖ ಬಿಳಿಚಿತು. ಉಸಿರು ಎಳೆಯತೊಡಗಿದ, ಎಳೆದದ್ದು ಒಳಗೆ ಹೋಗುತ್ತಿರಲಿಲ್ಲ. ಬಾಗಿಲಲ್ಲಿದ್ದ ಅಂಕಿತಾ ಓಡಿಬಂದು ಅಪ್ಪನ ಬೆನ್ನು ನೀವಿದಳು, ನೀರು ಕುಡಿಸಿದಳು. ಈ ಮನುಷ್ಯನನ್ನು ನಾನೇ ಕೊಂದೆನಲ್ಲ ಎಂದುಕೊಂಡಳು ನಾಗರತ್ನಾ. ಚೀಲ ಎತ್ತಿಕೊಂಡು ಓಡಿಹೋಗಬೇಕೆನಿಸಿತು. ನಿಜ ಹೇಳಬೇಕೆಂದರೆ, ಬಾಗಿಲು ಎಷ್ಟು ದೂರ ಎಂದೂ ನೋಡಿದಳು.

ಅವನ ಉಸಿರು ಹತೋಟಿಗೆ ಬಂದಾಗ ತಪ್ಪಾಯಿತೆಂದು ಕೈಮುಗಿದಳು. ಇಳಿಯುವ ಮಾತು ನಿಮ್ಮದಲ್ಲ, ನನ್ನದು ಎಂದಳು. ಬೇಡವೆಂದರೆ ಎದ್ದುಹೋಗುತ್ತೇನೆ ಎಂದೂ ಹೇಳಿದಳು. ಅವನು ಬೇಡ ಎನ್ನಲಿಲ್ಲ. ಆಗ ಅವನ ಮಾತಿಗೆ ಏನನ್ನೂ ಸೇರಿಸದೆ ಕೇಳಿದಳು: "ಹಗೇವು ತಗದಂಗ ಆದಾಗ ನೀವು ಎಲ್ಲಿರ್ತೀರಿ?"

ಈ ಸಲ ಅವಳು ನಾಲಿಗೆ ಕಚ್ಚಿಕೊಂಡು ಕುಳಿತಳು.

"ಮ್ಯಾಲ," ಎಂದ ಕೊನೆಗೆ. "ದಂಡಿ ಮ್ಯಾಲ ನಿಂತಿರ್ತೀನ್ರಿ."

ಆಮೇಲೆ ಕಥೆ ತಡೆತಡೆದು ಬಂತು. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಅವನು ಚಿಕ್ಕವನಿದ್ದಾಗ ಮನೆಯ ಹಿರಿಯರು ಅವಸರ ಮಾಡಿದ್ದರು. ತೆಳ್ಳಗಿದ್ದ ಕಾಕಾ, ಅಪ್ಪನ ತಮ್ಮ ಚನ್ನಬಸವಣ್ಣ, ದೊಡ್ಡವರಿಗೆ ಎದುರಾಡದೆ ಇಳಿದ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಎಲ್ಲರೂ ಕೂಗತೊಡಗಿದರು. ಕೆಳಗಿನಿಂದ ಅವನು ಓ ಎನ್ನಲಿಲ್ಲ. ಆಮೇಲೆ ಆ ಮನೆಯಲ್ಲಿ ಅವನ ಹೆಸರೆತ್ತಿದವರೂ ಇಲ್ಲ.

"ಈಗ ಇಳಸಾಂವ ನಾನ," ಎಂದ ಸಿದ್ದಲಿಂಗೇಶ. "ಇಳಿಯಾಕಿ ನನ್ನ ಮಗಳು."

ಅಂಗಡಿಯೇನು ಹಗೇವಲ್ಲ, ಗದಗೇನು ದೂರವಲ್ಲ ಎಂಬ ಸಮಾಧಾನದ ಮಾತುಗಳು ನಾಗರತ್ನಾಳ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡಳು. ನೀವು ದಂಡೆಯ ಮೇಲೆ, ಇಳಿಯುವವಳು ಮಗಳು; ಈಗ ಏನಾಗಬೇಕು ಎನಿಸುತ್ತದೆ ಎಂದಷ್ಟೇ ಕೇಳಿದಳು.

ಅವನು ಮಗಳತ್ತ ತಿರುಗಿ, ಅಂದು ಕಾಕಾನನ್ನು ಯಾರೂ ಕೇಳದಿದ್ದ ಮಾತನ್ನು ಕೇಳಿದ: "ಅಂಕಿತಾ, ನಿನಗ ಹೆದರಿಕಿ ಐತೇನವಾ?"

ಇಲ್ಲ ಎನ್ನುತ್ತಾಳೆಂದು ನಾಗರತ್ನಾ ಎಣಿಸಿದ್ದಳು. ಹುಡುಗಿಯ ಕಣ್ಣು ತುಂಬಿದವು.

"ಐತಪ್ಪಾ. ಹೇಳಿದ್ರ ನೀ ಅಂಗಡೀನ ಬ್ಯಾಡ ಅಂತಿ ಅಂತ ಸುಮ್ಮನಿದ್ದೆ."

ಕೋಣೆಯಲ್ಲಿದ್ದ ಮೂವರೂ ಹೆದರಿದ್ದರು. ಸಿದ್ದಲಿಂಗೇಶ ಮಗಳ ಕೈ ಹಿಡಿದ. ನಾಳೆ ಇಬ್ಬರೂ ಕೂಡಿಯೇ ಹೋಗಿ ಮಳಿಗೆ ಗೊತ್ತುಮಾಡೋಣ, ಅಲ್ಲಿ ಕೂತ ಮೇಲೆ ಹೆದರಿಕೆಯಾದಾಗೆಲ್ಲ ನನಗೆ ಹೇಳಬೇಕು ಎಂದ.

"ಹೇಳಿದ್ರ ಅಂಗಡಿ ಮುಚ್ಚಸ್ತೀ ಏನು?" ಎಂದು ಕೇಳಿದಳು ಅಂಕಿತಾ.

"ಇಲ್ಲ," ಎಂದ. "ಕೇಳ್ತೀನಿ."