ಒಳಕ್ಕೆ ಕೊಟ್ಟ ವಾಟ

ಅವರ ಎರಡು ಮೊಣಕಾಲಿಗೂ ಸದಾ ಮಣ್ಣು ಮೆತ್ತಿರುತ್ತಿತ್ತು. ಇಸ್ತ್ರಿಯ ಪ್ಯಾಂಟಿನಲ್ಲಿದ್ದರೂ ನಿವೇಶನಕ್ಕೆ ಹೋದೊಡನೆ ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಮಳೆಯ ನೀರು ಎತ್ತ ಹರಿದೀತೆಂದು ನೋಡುವರು. ನೀರಿನ ಇಳಿಜಾರಿಗೆ ಗಾರೆಯವರಂತೆ ಅವರೂ ‘ವಾಟ’ ಎನ್ನುತ್ತಿದ್ದರು. ನಂಜನಗೂಡಿನಲ್ಲಿ ಕಚೇರಿ ಇಟ್ಟು, ಸುತ್ತಣ ಹಳ್ಳಿಗಳಿಗೆ ಒಪ್ಪುವ ಮನೆಗಳನ್ನು ರೂಪಿಸುತ್ತಿದ್ದ ಆ ವಾಸ್ತುಶಿಲ್ಪಿಯನ್ನು ಜನ ‘ನಕ್ಷೆಯವರು’ ಎಂದು ಕರೆದರು. ಹೊಂಗೆಮರ ಅಡ್ಡ ಬಂದರೆ ಗೋಡೆಯೇ ಸರಿಯಬೇಕು. ಗದ್ದೆಗೆ ಹೋಗುವ ನೀರನ್ನು ಮನೆ ತಡೆಯಬಾರದು. “ನೆಲಕ್ಕೆ ಗೊತ್ತಾಗದಂಗೆ ಕಟ್ಬೇಕು ಸ್ವಾಮಿ” ಎನ್ನುವರು.

ಪಾಯದ ಮುಹೂರ್ತ ಕೇಳಲು, ನರಸೀಪುರದಲ್ಲಿ ಪೌರೋಹಿತ್ಯ ಮಾಡುತ್ತಿದ್ದ ನನ್ನಲ್ಲಿಗೆ ಬರುತ್ತಿದ್ದರು. ಆದರೆ ನಮ್ಮಿಬ್ಬರ ನಡುವೆ ಒಂದು ಹಳೆಯ ಸಂಗತಿಯಿತ್ತು. ಅವರ ತಂದೆ ಬಿಳಿಗೆರೆಯ ಕಡೆ ಕೂಲಿಯವರು. ಒಮ್ಮೆ ಅಲ್ಲಿನ ಸಾಹುಕಾರರ ತೋಟದಲ್ಲಿ ದುಡಿಯುವಾಗ ತಲೆಸುತ್ತಿ, ಅವರ ಮನೆಯ ಜಗಲಿಯ ಮೇಲೆ ಕುಳಿತುಬಿಟ್ಟರು. ಸಾಹುಕಾರರು ಅವರನ್ನು ಎಬ್ಬಿಸಿ ಜಗಲಿ ತೊಳೆಸಿದರು. ಆಗ ಶುದ್ಧಿಮಂತ್ರ ಹೇಳಿದವನು ನಾನು.

ತೊಂಬತ್ತರ ದಶಕದ ಕೊನೆಗೆ ಅದೇ ಸಾಹುಕಾರರು ಹೊಸ ಮನೆ ಬೇಕೆಂದು ನಕ್ಷೆಯವರಲ್ಲಿಗೇ ಬಂದರು. ಅವರು ಒಪ್ಪಿದರೆಂದು ತಿಳಿದು ನನಗೆ ಬೆರಗಾಯಿತು. “ಮರೆತಿರಾ?” ಎಂದೆ.

“ಮರೆಯೋದಾ? ಅದಕ್ಕೇ ಅಲ್ವಾ ಒಪ್ಕೊಂಡಿದ್ದು!” ಎಂದು ನಕ್ಕರು. ಆ ನಗೆಯಲ್ಲಿ ಹಲ್ಲು ಮಾತ್ರ ಇತ್ತು.

ಮನೆ ಅಂದವಾಗಿಯೇ ಎದ್ದಿತು. ಹೆಂಚಿನ ಮಾಡು, ಮಳೆಹನಿ ತಾಗದಷ್ಟು ಚಾಚಿದ ಸೂರು, ಅದರಡಿ ಉದ್ದನೆಯ ಕಲ್ಲಿನ ಜಗಲಿ. ಗೃಹಪ್ರವೇಶಕ್ಕೆ ನಾನೇ ಪುರೋಹಿತನಾಗಬೇಕೆಂದು ನಕ್ಷೆಯವರು ಹಟ ಹಿಡಿದರು. ಹೋಮ ಮುಗಿದು ನೆಂಟರೆಲ್ಲ ಎಲೆಯ ಮುಂದೆ ಕೂರುವ ಹೊತ್ತಿಗೆ, ಅವರು ತಮ್ಮ ತಂದೆಯನ್ನು ಕೈಹಿಡಿದು ಕರೆತಂದು ಜಗಲಿಯ ನಟ್ಟನಡುವೆ ಕೂರಿಸಿದರು.

ಸಾಹುಕಾರರ ಮುಖ ಕಪ್ಪಿಟ್ಟಿತು. “ಇದೇನಯ್ಯಾ, ಇವತ್ತೇ?”

“ತೊಳೆಸಿ ಸಾ. ಬಂದೋರೆಲ್ಲಾ ನೋಡ್ಲಿ. ಆದ್ರೆ ವಾಟ ಒಳಕ್ಕೆ ಕೊಟ್ಟಿವ್ನಿ, ಹೊಸ್ತಿಲು ತಗ್ಗಿಸಿವ್ನಿ. ಒಂದು ಬಿಂದಿಗೆ ಸುರಿದ್ರೂ ನೀರು ಸೀದಾ ನಿಮ್ಮ ದೇವರಮನೆಗೇ ಓಯ್ತದೆ.” ಬಳಿಕ ನನ್ನತ್ತ ತಿರುಗಿದರು. “ಸ್ವಾಮ್ಗಳೂ ಇಲ್ಲೇ ಅವ್ರೆ. ಮಂತ್ರ ಅವ್ರಿಗೆ ಬಾಯಿಪಾಠ.”

“ಸುಮ್ನಿರ್ಲಾ ಮಗ” ಎಂದರು ವೃದ್ಧರು. ಆದರೆ ಎದ್ದು ಹೋಗಲಿಲ್ಲ. ಕಾಲು ನೀಡಿಕೊಂಡು ಇನ್ನೂ ಹಿಂದಕ್ಕೆ ಒರಗಿದರು. ಬಿಂದಿಗೆಯನ್ನು ಯಾರೂ ತರಲಿಲ್ಲ.

ಆ ವೃದ್ಧರು ತೀರಿಕೊಂಡ ಮೇಲೆ, ಸೋಸಲೆಯಲ್ಲಿ ನನ್ನದೊಂದು ಮನೆಯನ್ನು ರೂಪಿಸಿಕೊಡಿರೆಂದು ಕೇಳಲು ನಕ್ಷೆಯವರ ಕಚೇರಿಗೆ ಹೋದೆ. ಮೊದಲು ಹಿಂದಿನ ಆ ಶುದ್ಧಿಮಂತ್ರಕ್ಕಾಗಿ ಕ್ಷಮೆ ಬೇಡಿದೆ. ಅವರು ಕುರ್ಚಿ ಎಳೆದು ಕೂರಿಸಿ, ಕುಡಿಯಲು ಮಜ್ಜಿಗೆ ತರಿಸಿದರು.

“ಕ್ಷಮಿಸೋದು ಅಪ್ಪನ ಕೆಲ್ಸ. ಅವರು ಹೋದ್ರು. ನಕ್ಷೆ ನನ್ನ ಕೆಲ್ಸ. ಅದನ್ನ ನಿಮಗೆ ಮಾಡ್ಕೊಡಲ್ಲ ಸ್ವಾಮಿ.”

ಕೆಲವು ವರ್ಷಗಳಲ್ಲಿ ಅವರೂ ಕಾಲವಾದರು. ನಾನು ನರಸೀಪುರದ ಬಾಡಿಗೆ ಮನೆಯಲ್ಲಿಯೇ ಉಳಿದಿದ್ದೇನೆ. ಬೇರೆ ಯಾರಿಂದಾದರೂ ಕಟ್ಟಿಸೋಣವೆಂದು ಮಕ್ಕಳು ಹೇಳುತ್ತಲೇ ಇದ್ದಾರೆ. ನಕ್ಷೆಯವರು ವಿಧಿಸಿದ ಶಿಕ್ಷೆಯನ್ನು ಮೀರಲು ನನಗೆ ಮನಸ್ಸಿಲ್ಲ.