ಟವೆಲಕ್ಕನ ಕೆಮ್ಮು

ಗಂಡನ ಮುಖ ಕಂಡರೆ ಕೆಮ್ಮು ಬರುವ ಹೆಂಗಸು ಎಂದೇ ಆ ಬೀದಿಯವರು ಅವಳನ್ನು ಆಡಿಕೊಳ್ಳುತ್ತಿದ್ದರು. ತಂಗಿಯ ಮನೆಯಲ್ಲಿದ್ದಷ್ಟು ದಿನ ಗುಂಡುಕಲ್ಲಿನ ಹಾಗೆ ಇರುತ್ತಾಳೆ, ವಾಪಸು ಬಂದು ಹೊಸ್ತಿಲು ದಾಟಿದ ಸಂಜೆಗೇ ಮೈ ಬಿಸಿಯಾಗಿ ಖೊಕ್‌ಖೊಕ್ ಶುರುವಾಗುತ್ತದೆ. ಇದು ಯಾವ ಸೀಮೆಯ ಕಾಯಿಲೆ ಎಂದು ಇಸ್ತ್ರಿ ಅಂಗಡಿಯವನು ಕೇಳುತ್ತಿದ್ದ. ಎದುರು ಮನೆಯ ದರ್ಜಿಯ ಹೆಂಡತಿ, "ನಂಗೂ ಅಂಟಿದ್ರೆ ಚೆನ್ನಾಗಿತ್ತು, ನಾಲ್ಕು ದಿನ ಆರಾಮಾಗಿ ಇರ್ತಿದ್ದೆ" ಎನ್ನುತ್ತಿದ್ದಳು. ಹೊಟ್ಟೆಕಿಚ್ಚಿನ ಮಾತಲ್ಲ ಅದು. ಬೀದಿ ಎಂದಮೇಲೆ ಬಾಯಿಗೆ ಏನಾದರೂ ಬೇಕಲ್ಲ.

ಹೆಗಲ ಮೇಲೆ ಸದಾ ಒಂದು ಹಳೇ ಟವೆಲು ಇರುತ್ತಿದ್ದುದರಿಂದ ಅವಳಿಗೆ ಟವೆಲಕ್ಕ ಎಂದು ಹೆಸರು ಬಿದ್ದಿತ್ತು. ಅವಳ ಗಂಡ ಸಾಕುಹಕ್ಕಿಗಳ ಕೊಕ್ಕು ತೀಡುವವನು. ಪಂಜರದೊಳಗೆ ಕೂತು ಮೆತ್ತಗಿನದನ್ನೇ ತಿನ್ನುವ ಗಿಳಿಗಳಿಗೆ ಕೊಕ್ಕು ಸವೆಯದೆ ಬೆಳೆದುಬಿಡುತ್ತದೆ. ಕೆಲವಕ್ಕೆ ಹುಟ್ಟುವಾಗಲೇ ಮೇಲಿನ ಕೊಕ್ಕು ಒಂದು ದಿಕ್ಕಿಗೆ, ಕೆಳಗಿನದು ಇನ್ನೊಂದು ದಿಕ್ಕಿಗೆ. ಹಾಗೇ ಬಿಟ್ಟರೆ ಕಾಳು ಕಚ್ಚಲಾಗದೆ, ತಟ್ಟೆ ತುಂಬ ಇದ್ದೂ ಹಸಿದು ಸೊರಗುತ್ತವೆ. ಅಂಥವನ್ನೆಲ್ಲ ಜನ ಇವರ ಮನೆಗೆ ತರುತ್ತಿದ್ದರು. ನಡುಮನೆಯ ಕಿಟಕಿಯ ಬೆಳಕಿಗೆ ಎದುರುಬದುರು ಎರಡು ಮಣೆ. ಟವೆಲಿನಲ್ಲಿ ಸುತ್ತಿ ಹಿಡಿಯುವವಳು ಅವಳು. ಅರ ಹಿಡಿದು ಎಳೆಎಳೆಯಾಗಿ ತೀಡುವವನು ಅವನು. ಕೂದಲೆಳೆಯಷ್ಟು ಹೆಚ್ಚು ತೀಡಿದರೂ ರಕ್ತ ಚಿಮ್ಮುತ್ತದೆ. ಹಿಡಿತ ಸಡಿಲಾದರೆ ಕಡಿತ, ಬಿಗಿಯಾದರೆ ಹಕ್ಕಿ ಅಲ್ಲೇ ತಣ್ಣಗಾಗುತ್ತದೆ.

ಗಂಡ ಮಾತಿಗೆ ಬಡವ. ಊಟ ಆಯಿತಾ ಎಂದರೆ ಹೂಂ, ತಲೆನೋವಾ ಎಂದರೆ ಹೂಂ. ಮದುವೆಯಾದ ಹೊಸದರಲ್ಲಿ ಇವನೊಡನೆ ಜನ್ಮ ಕಳೆಯುವುದು ಹೇಗಪ್ಪಾ ಎಂದು ಅವಳಿಗೆ ದಿಗಿಲಾಗಿತ್ತು. ಆದರೆ ನಡುವೆ ಒಂದು ಹಕ್ಕಿ ಇದ್ದು, ಇಬ್ಬರ ಹಣೆ ತಾಗುವಷ್ಟು ಬಗ್ಗಿ ಕೂತರೆ ಸಾಕು, ಅವನ ಬಾಯಿ ಬಿಚ್ಚುತ್ತಿತ್ತು. ಕಣ್ಣು ಕೊಕ್ಕಿನ ಮೇಲೆ, ಮಾತು ಎಲ್ಲೆಲ್ಲಿಗೋ. ಚಿಕ್ಕವನಿದ್ದಾಗ ತೊಟ್ಟಿಲಲ್ಲೇ ಹೋದ ತಮ್ಮನ ಬಗ್ಗೆ, ಬಾವಿಗೆ ಬಗ್ಗಿ ನೋಡಲು ಇವತ್ತಿಗೂ ಇರುವ ಹೆದರಿಕೆಯ ಬಗ್ಗೆ, ಹಿಂದಿನ ರಾತ್ರಿ ಬಿದ್ದ ಪೆದ್ದು ಕನಸಿನ ಬಗ್ಗೆ. ಅವಳಿಗೆ ಗಂಡ ಸಿಕ್ಕಿದ್ದೇ ಆ ಮಣೆಯ ಮೇಲೆ.

ಆಮೇಲೆ ಮೋಟಾರಿನ ಅರ ಬಂತು. ಬೆರಳುದ್ದದ್ದು, ಗುಯ್‌ಗುಡುತ್ತಾ ತಿರುಗುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಹಕ್ಕಿಗೂ ಹಿಂಸೆ ಕಡಿಮೆ ಎಂದು ಅವನು ಆಸೆಪಟ್ಟು ತಂದದ್ದು. ಕೈ ಅರ ಪುಡಿ ಉದುರಿಸುತ್ತಿತ್ತು, ಇದು ಹೊಗೆಯ ಹಾಗೆ ಹಾರಿಸುತ್ತಿತ್ತು. ಸಂಜೆ ಹೊತ್ತಿಗೆ ಅವಳ ಹುಬ್ಬು, ರೆಪ್ಪೆ ಎಲ್ಲ ಬೂದಿ ಬಣ್ಣ. ಮೊದಲು ಒಣಕೆಮ್ಮು, ಆಮೇಲೆ ಚಳಿಜ್ವರ, ಆಮೇಲೆ ನೀರಿನ ಬಿಂದಿಗೆ ಎತ್ತಿದರೆ ಏದುಸಿರು. ಕೆಲಸಗಳ್ಳಿಗೆ ಕೆಮ್ಮೊಂದು ನೆವ ಎಂದು ಅತ್ತೆ ಗೋಡೆಗೆ ಹೇಳುತ್ತಿದ್ದರು, ಸೊಸೆಗೆ ಕೇಳಿಸುವ ಹಾಗೆ.

ಡಾಕ್ಟರರ ಹತ್ತಿರ ಹೋದ ದಿನ ಗಂಡ ಹೊರಗೆ ಚೀಟಿ ಸಾಲಿನಲ್ಲಿ ನಿಂತಿದ್ದ. ಡಾಕ್ಟರು ಎದೆ ಬೆನ್ನು ಎಲ್ಲ ಆಲಿಸಿ, ಮನೆಯಲ್ಲಿ ಹಕ್ಕಿಗಳ ಒಡನಾಟವೇನಾದರೂ ಇದೆಯೇ ಎಂದು ಕೇಳಿದರು. ಆ ಪ್ರಶ್ನೆ ಬಂದ ರೀತಿಯಲ್ಲೇ ಅವಳಿಗೆ ಎಲ್ಲ ತಿಳಿದುಹೋಯಿತು. ಇದೆ ಎಂದರೆ ಮಣೆ ಹೋಗುತ್ತದೆ. ಇಲ್ಲ ಎಂದಳು. ಡಾಕ್ಟರು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆಯೂ ಇಲ್ಲ ಎಂದಳು. ಅವರು ಕೊಟ್ಟ ಔಷಧಿ ಕುಡಿದು ಮತ್ತೆ ಟವೆಲು ಹೆಗಲಿಗೆ ಹಾಕಿಕೊಂಡಳು.

ಒಂದು ವರ್ಷದ ಮೇಲೆ, ಅಕ್ಕನ ಮೈಯಲ್ಲಿ ಮೂಳೆ ಎಣಿಸುವ ಹಾಗಾಗಿದೆ ಎಂದು ತಂಗಿ ಗಲಾಟೆ ಮಾಡಿ, ಅಕ್ಕ ಭಾವ ಇಬ್ಬರನ್ನೂ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲೂ ಅದೇ ಪ್ರಶ್ನೆ. ಈ ಸಲ ತಂಗಿಯೇ ಬಾಯಿ ಹಾಕಿದಳು, ಇವಳ ಮನೆಯಲ್ಲಿ ಮನುಷ್ಯರಿಗಿಂತ ಹಕ್ಕಿಗಳೇ ಜಾಸ್ತಿ ಎಂದು. ಡಾಕ್ಟರು ನಿಧಾನವಾಗಿ ವಿವರಿಸಿದರು. ರೆಕ್ಕೆಯ, ಕೊಕ್ಕಿನ ಧೂಳು ಎಲ್ಲರಿಗೂ ಹೀಗೆ ಮಾಡುವುದಿಲ್ಲ, ಈಕೆಯ ಮೈಗೆ ಅದು ಒಗ್ಗಲಿಲ್ಲ. ಮೊದಲೇ ದೂರವಿದ್ದಿದ್ದರೆ ಪುಪ್ಪುಸ ತಾನೇ ಸರಿಹೋಗುತ್ತಿತ್ತು. ಈಗ ಗಟ್ಟಿಯಾದದ್ದು ಗಟ್ಟಿಯೇ; ಉಳಿದದ್ದನ್ನಾದರೂ ಉಳಿಸಿಕೊಳ್ಳಿ.

ಹೊರಗಿನ ಬೆಂಚಿನ ಮೇಲೆ ತಂಗಿ, ಆ ಹಳೇ ಡಾಕ್ಟರು ಇದನ್ನ ಕೇಳಲೇ ಇಲ್ಲವಾ ಎಂದು ಸಿಡುಕಿದಳು.

"ಕೇಳಿದ್ರು. ನಾನೇ ಇಲ್ಲ ಅಂದೆ."

ಗಂಡ ತಿರುಗಿ ನೋಡಿದ. "ಯಾಕೆ?"

"ನೀವು ಇನ್ನೆಲ್ಲಿ ಮಾತಾಡ್ತಿದ್ರಿ?"

ಅವನು ಎದ್ದು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡ.

ಮರುದಿನದಿಂದ ಅವನು ಕೆಲಸ ನಿಲ್ಲಿಸಿದ. ಅರಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದ, ಗೋಡೆಗೆ ಸುಣ್ಣ ಹೊಡೆದ, ದಿಂಬು ಹಾಸಿಗೆ ಬದಲಿಸಿದ. ಬಾಗಿಲಿಗೆ ಬಂದವರನ್ನೆಲ್ಲ ಕೈಯಲ್ಲಾಡಿಸಿ ಕಳಿಸಿದ. ಅವಳ ಜ್ವರ ಹೋಯಿತು, ಕೆಮ್ಮು ತಗ್ಗಿತು. ಮನೆ ಮಾತ್ರ ಬಿಕೋ ಎನ್ನುತ್ತಿತ್ತು. ಅವನು ಗೋಡೆಗೆ ಒರಗಿ ಕೂತು, ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಹಿಂದೆ ಮುಂದೆ ಉಜ್ಜುತ್ತಿದ್ದ. ಅವಳು ಏನಾದರೂ ಮಾತು ತೆಗೆದರೆ, ಹೂಂ.

ಒಂದು ಮಧ್ಯಾಹ್ನ ಕೆಲಸದಿಂದ ನಿವೃತ್ತನಾದ ಬಸ್ ಡ್ರೈವರೊಬ್ಬ ಪಂಜರ ತಬ್ಬಿಕೊಂಡು ಬಂದ. ಗಿಳಿಯ ಮೇಲಿನ ಕೊಕ್ಕು ಸುರುಳಿಯಾಗಿ ಗಂಟಲಿಗೇ ಚುಚ್ಚುತ್ತಿತ್ತು. ಗಂಡ ಅರೆಬಾಗಿಲಲ್ಲೇ ನಿಂತು, ಕೆಲಸ ಬಿಟ್ಟಿದ್ದೇನೆ ಎಂದ. ಡ್ರೈವರು ಜಗಳ ಮಾಡಲಿಲ್ಲ, ಹೋಗಲೂ ಇಲ್ಲ. "ನೀರೂ ಕುಡೀತಿಲ್ಲ ಸ್ವಾಮಿ" ಎಂದವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಟವೆಲಕ್ಕ ಒಳಗಿನಿಂದ ಬಂದು ಪಂಜರ ತೆಗೆದುಕೊಂಡಳು. ಬೇಡ ಎಂದು ಗಂಡ ಅಡ್ಡ ಬಂದ. ಅವಳು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಮಣೆ ಹಾಕಿ ಕೂತೇಬಿಟ್ಟಳು. ಅವನು ಅಟ್ಟದಿಂದ ಹಳೇ ಕೈ ಅರ ಇಳಿಸಿ ತಂದ. ಅರ್ಧ ಕೊಕ್ಕು ತೀಡುವವರೆಗೂ ಉಸಿರೆತ್ತಲಿಲ್ಲ. ಆಮೇಲೆ, ತಲೆ ಎತ್ತದೆ, "ನೀನು ಸತ್ತುಹೋದ ಹಾಗೆ ಕನಸು ಬೀಳ್ತಿದೆ ಕಣೆ" ಎಂದ. ಅಂದು ಸಂಜೆ ಅವಳ ತುಟಿ ನೀಲಿಯಾಯಿತು. ಆಸ್ಪತ್ರೆಗೆ ಹೊತ್ತೊಯ್ಯುವಾಗ ಅತ್ತೆ ಬರಿಗಾಲಲ್ಲಿ ಬೀದಿಯ ತುದಿಯವರೆಗೂ ಓಡಿಬಂದರು. ಅಂದಿನಿಂದ ಗೋಡೆಗೆ ಮಾತಾಡುವುದನ್ನು ಬಿಟ್ಟರು.

ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗಲೇ ಅವಳು ಲೆಕ್ಕ ಹಾಕಿ ಮುಗಿಸಿದ್ದಳು. "ನೀವು ಕೆಲಸ ಬಿಡಬೇಡಿ. ನಾನು ಮನೆ ಬಿಡ್ತೀನಿ" ಎಂದಳು. ಅವನು ಕಾದಾಡಿದ, ಮಾತಿಲ್ಲದವನ ಕಾದಾಟ; ಎರಡು ಹೊತ್ತು ಊಟ ಬಿಟ್ಟ. ಮನೆಯಲ್ಲಿ ಮಾತಿಲ್ಲದೆ ಬದುಕಿರುವವನನ್ನು ನೋಡುತ್ತಾ ಉಸಿರಾಡುವುದೂ ತನಗೆ ಕಷ್ಟವೇ ಎಂದು ಅವಳು ಹೇಳಿದ ಮೇಲೆ ಒಪ್ಪಿಕೊಂಡ. ರಜಾದಿನ ಮಿಂದು ಮಡಿಯುಟ್ಟು ತಂಗಿಯ ಮನೆಗೆ ಬರುತ್ತೇನೆ ಎಂದ. ಬಂದು ನೆಂಟನ ಹಾಗೆ ಹೂಂಗುಟ್ಟುತ್ತಾ ಕೂರುತ್ತಾನೆಂಬುದು ಇಬ್ಬರಿಗೂ ಗೊತ್ತಿತ್ತು.

ಹಿಡಿಯುವ ಕೈ ಇನ್ನೊಂದು ಬೇಕಲ್ಲ. ಅತ್ತೆಗೇ ಕಲಿಸಿದಳು, ಕಿಟಕಿಯ ಆಚೆ ಅಂಗಳದಲ್ಲಿ ನಿಂತು. ಆ ದಿನಗಳಲ್ಲಿ ಅವಳ ಊಟ ನಿದ್ದೆ ಎದುರಿನ ದರ್ಜಿಯ ಮನೆಯಲ್ಲೇ. ಅತ್ತೆ ಕಚ್ಚಿಸಿಕೊಂಡರು, ಹಕ್ಕಿಯ ವಂಶವನ್ನೆಲ್ಲ ಬೈದರು, ತಮ್ಮ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಎಂದು ಗೊಣಗಿದರು, ಮತ್ತೆ ಹಿಡಿದರು.

"ಎದೆ ಒತ್ತಬೇಡಿ ಅತ್ತೆ. ಅದು ಉಬ್ಬೋಕೆ ಜಾಗ ಬಿಡಿ."

ಕೆಲವು ದಿನ ಕಳೆದ ಮೇಲೆ, ಕೈ ಕುದುರಿದ ಒಂದು ಮಧ್ಯಾಹ್ನ, ಅತ್ತೆ ಹೊರಗೆ ಬಂದು ಅಂಗಳದ ಕಟ್ಟೆಯ ಮೇಲೆ ಸೊಸೆಯಿಂದ ದೂರವೇ ಕೂತರು. ಅವರ ಮುಖ ಒಂದು ಥರ ಇತ್ತು.

"ನನ್ನ ಮಗನಿಗೆ ಇಷ್ಟೊಂದು ಮಾತು ಬರುತ್ತೆ ಅಂತ ನಂಗೊತ್ತೇ ಇರ್ಲಿಲ್ಲ ಕಣೆ. ತೊಟ್ಟಿಲಲ್ಲಿ ಹೋದ ಕೂಸನ್ನ ಅವನು ಇನ್ನೂ ನೆನೀತಾನೆ."

ಅದು ಟವೆಲಕ್ಕನ ಮಾತಾಗಿತ್ತು, ಅವಳೊಬ್ಬಳದೇ. "ಕೇಳಿಸ್ಕೊಳ್ಳಿ ಅತ್ತೆ" ಎಂದಳು. "ಮಧ್ಯೆ ಬಾಯಿ ಹಾಕಬೇಡಿ, ನಿಲ್ಲಿಸಿಬಿಡ್ತಾರೆ."

ಹೊರಡುವ ದಿನ ಕಟ್ಟಿಕೊಳ್ಳಲು ಏನೂ ಇರಲಿಲ್ಲ. ಬಟ್ಟೆ, ಹೊದಿಕೆ, ಎಲ್ಲದರಲ್ಲೂ ಆ ಧೂಳು ಕೂತಿತ್ತು. ತಂಗಿ ಕೊಟ್ಟ ಬಟ್ಟೆಯನ್ನು ಉಟ್ಟು, ಉಸಿರು ಬಿಗಿಹಿಡಿದು ಒಳಗೆ ಹೋಗಿ, ತಾನು ದಿನಾ ಉಣ್ಣುತ್ತಿದ್ದ ತಟ್ಟೆಯೊಂದನ್ನು ತೊಳೆದು ತಂದಳು. ನಡುಮನೆಯಲ್ಲಿ ಯಾರದೋ ಕಾಕಟೂ ಹಕ್ಕಿಯ ಕೊಕ್ಕು ಅರ್ಧ ತೀಡಿ ಆಗಿತ್ತು. ಹಾಗೆ ಅರ್ಧಕ್ಕೆ ಬಿಟ್ಟು ಏಳುವಂತಿಲ್ಲ. ಅವಳು ಹಾದುಹೋಗುವಾಗ ಗಂಡನ ಮಾತು ತಟ್ಟನೆ ನಿಂತಿತು. ಅವನು ತಲೆ ಎತ್ತಲಿಲ್ಲ. ಕತ್ತು ಮಾತ್ರ ಅವಳ ಹೆಜ್ಜೆಯ ಕಡೆ ತುಸು ವಾಲಿತು. ಅತ್ತೆ ಟವೆಲಿನ ಮೇಲಿಂದ ಅವಳನ್ನು ನೋಡಿದರು.

"ನಿಧಾನ ಇಳಿ ಅಕ್ಕ" ಎಂದಳು ಗೇಟಿನ ಬಳಿ ಕಾದಿದ್ದ ತಂಗಿ.

ಟವೆಲಕ್ಕ ಎರಡನೇ ಮೆಟ್ಟಿಲ ಮೇಲೆ ಒಮ್ಮೆ ನಿಂತು ಸುಧಾರಿಸಿಕೊಂಡಳು. ಒಳಗೆ ಅರದ ಸದ್ದಿತ್ತು, ಮಾತಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದಳು. ಕೊನೆಗೆ ತಗ್ಗಿದ ದನಿಯಲ್ಲಿ ಅವನು ತಾಯಿಗೆ ಏನೋ ಹೇಳತೊಡಗಿದ್ದು ಕೇಳಿಸಿತು. ಆಗ ಇಳಿದು, ಗೇಟು ಎಳೆದುಕೊಂಡು, ತಂಗಿಯ ಭುಜ ಹಿಡಿದು ನಡೆದಳು.