ಎಕುವಾ ಜಂಕ್ಷನ್ ಯಾವ ಕಡೆಗಿದೆ?

ಬಂದರು ಊರು ಟಾಕೊರಾಡಿಯಲ್ಲಿ ನಾಲ್ಕು ದಾರಿ ಕೂಡುವ ಆ ಜಾಗಕ್ಕೆ ಸರಕಾರಿ ಕಾಗದದಲ್ಲಿ ಏನು ಹೆಸರಿದೆಯೋ ದೇವರೇ ಬಲ್ಲ. ಜನರ ಬಾಯಲ್ಲಿ ಅದು ಎಕುವಾ ಜಂಕ್ಷನ್. ಮೂವತ್ತೊಂದು ವರ್ಷದಿಂದ ಅಲ್ಲಿನ ಬೇವಿನ ಮರದಡಿ ಕೂತು, ಮೆಕ್ಕೆಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಬೇಯಿಸಿದ ಕೆಂಕೆಯನ್ನೂ ಹುರಿದ ಮೀನನ್ನೂ ಮಾರುತ್ತಿದ್ದವಳು ಎಕುವಾ. ಜಾಗಕ್ಕೆ ಹೆಸರಿಟ್ಟವನು ಅವಳ ಗಂಡ ಕೋಬಿನಾ. ಟ್ರೋಟ್ರೋ ವ್ಯಾನು ಓಡಿಸುತ್ತಿದ್ದ ಕಾಲದಲ್ಲಿ ಹಸಿವಿನ ನೆಪ ಹೂಡಿ ದಿನಕ್ಕೆ ಮೂರು ಸಲ ಅಲ್ಲಿ ಗಾಡಿ ನಿಲ್ಲಿಸುತ್ತಿದ್ದ. ಬಾಗಿಲಲ್ಲಿ ನೇತಾಡುವ ಮೇಟ್ ಹುಡುಗನ ಕೈಲಿ "ಎಕುವಾ! ಎಕುವಾದಲ್ಲಿ ಇಳಿಯೋರು ಏಳಿ!" ಎಂದು ಕೂಗಿಸುತ್ತಿದ್ದ. ಉಳಿದ ಗಾಡಿಯವರೂ ಅದನ್ನೇ ಹಿಡಿದರು. ಆಗ ಅವಳಿಗೆ ಹೊರಗೆ ನಾಚಿಕೆ, ಒಳಗೆ ಜಂಬ.

ಈಗ ಕೋಬಿನಾಗೆ ಎಪ್ಪತ್ತಾರು. ಮರೆವು ಅವನನ್ನು ಪೂರ್ತಿ ಮುತ್ತಿಕೊಂಡಿದೆ. ಮಕ್ಕಳ ಹೆಸರು ಅದಲುಬದಲು, ಊಟ ಮಾಡಿದ್ದೂ ನೆನಪಿಲ್ಲ, ಮಾಡದ್ದೂ ನೆನಪಿಲ್ಲ. ಒಂದು ದಾರಿ ಮಾತ್ರ ಅವನಿಗೆ ಉಳಿದಿತ್ತು. ಬೆಳಗ್ಗೆ ಒಂಬತ್ತೂವರೆಗೆ ಇಸ್ತ್ರಿ ಅಂಗಿ ತೊಟ್ಟು, ಮನೆ ಮುಂದೆ ಟ್ರೋಟ್ರೋ ಹತ್ತಿ "ಎಕುವಾ" ಎನ್ನುತ್ತಿದ್ದ. ಹತ್ತಕ್ಕೆ ಸರಿಯಾಗಿ ಮರದ ಹತ್ತಿರ ಇಳಿದು ಅವಳ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ. ನಸುಕಿನಲ್ಲೇ ಒಲೆ ಹೊತ್ತಿಸಲು ಬಂದಿರುತ್ತಿದ್ದ ಎಕುವಾಗೆ ಅವನ ಮುಖ ಕಂಡ ಮೇಲೇ ಹೋದ ಜೀವ ಬಂದಂತಾಗುತ್ತಿದ್ದದ್ದು. ಈ ದಾರಿಯೂ ತಪ್ಪಿದರೆ ಅವನು ಎಲ್ಲಿ ಹೋಗಿ ಬೀಳುತ್ತಾನೋ ಎನ್ನುವುದೊಂದೇ ಅವಳ ಭಯ.

ಅಂಥ ಹೊತ್ತಿನಲ್ಲೇ ರಸ್ತೆ ಅಗಲ ಮಾಡುವವರು ಬಂದರು. ಅವರಿಗೆ ಅಗಲ ಮಾಡುವುದೊಂದು ಗೊತ್ತು, ಯಾರನ್ನು ಎಲ್ಲಿಗೆ ತಳ್ಳುತ್ತೇವೆ ಎನ್ನುವುದು ಗೊತ್ತಿಲ್ಲ. ಮರ ಉರುಳಿತು. ಎಕುವಾ ಕೂರುತ್ತಿದ್ದ ಜಾಗ ಹೊಸ ರಸ್ತೆಯ ನಟ್ಟನಡುವಿನ ಸಿಮೆಂಟಿನ ದಿಬ್ಬವಾಯಿತು. ಅವಳು ಒಲೆ, ಬೆಂಚು, ಪಾತ್ರೆ ಎತ್ತಿಕೊಂಡು ಒಂದು ಸೋಮವಾರ ರಸ್ತೆಯ ಎದುರು ದಂಡೆಗೆ ಹೋಗಿ ಕೂತಳು.

ಅವತ್ತು ಬೆಳಗ್ಗೆ ಜಂಕ್ಷನ್ನಿಗೆ ತಲೆ ಕೆಟ್ಟಿತು. ಅರ್ಧ ಗಾಡಿಗಳು ಅವಳ ಮುಂದೆ ನಿಂತವು, ಇನ್ನರ್ಧ ಹಳೇ ಜಾಗದಲ್ಲೇ ಬ್ರೇಕ್ ಹಾಕಿದವು. ಹಿಂದಿನ ಲಾರಿಗಳು ಹಾರ್ನ್ ಹೊಡೆದು ಕಿವಿ ಕಿತ್ತವು.

"ಎಕುವಾ ಅಂದ್ರೆ ಎಕುವಾ ಇರೋ ಜಾಗ ಕಣಯ್ಯಾ!" ಎಂದ ಒಬ್ಬ ಮೇಟ್.

"ಮರ ಇದ್ದ ಜಾಗ ಅಲ್ವೇನೋ? ನಾಳೆ ಅವಳು ಸಂಡಾಸಿಗೆ ಹೋದ್ರೆ ಅಲ್ಲೂ ನಿಲ್ಲಿಸ್ತೀಯಾ?" ಎಂದಳು ಮೀನಿನ ಬುಟ್ಟಿ ಹೊತ್ತವಳೊಬ್ಬಳು.

ಬೇರೆ ಊರಿನ ಹೆಂಗಸೊಬ್ಬಳು ಬಂದು, "ಅಕ್ಕಾ, ಎಕುವಾ ಜಂಕ್ಷನ್ ಎಲ್ಲಿ?" ಎಂದು ಎಕುವಾಳನ್ನೇ ಕೇಳಿದಳು. ಇವಳ ಕೈ ಆ ದಿಬ್ಬದ ಕಡೆಗೆ ಹೋಯಿತು, ಅರ್ಧಕ್ಕೇ ಹಿಂದೆ ಬಂತು. ತನ್ನ ಎದೆಯ ಕಡೆ ತೋರಿಸಿಕೊಳ್ಳಲು ಹೋಗಿ ನಾಚಿಕೆಯಾಗಿ ಕೈ ಇಳಿಸಿದಳು. ಆ ಹೆಂಗಸು ಗೊಣಗಿಕೊಂಡು ಮುಂದೆ ಹೋದಳು.

ಕೋಬಿನಾನ ವಿಷಯವನ್ನು ಮಾತ್ರ ಅವಳು ಹಿಂದಿನ ದಿನವೇ ಎಲ್ಲ ಮೇಟ್‌ಗಳಿಗೆ ಹೇಳಿಟ್ಟಿದ್ದಳು. ನಲವತ್ತು ದಾಟಿದ ಮೇಟ್ ಫಿಫಿ, ಒಂದು ಕಾಲದಲ್ಲಿ ಕೋಬಿನಾನ ಗಾಡಿಯಲ್ಲೇ ಕೂಗುತ್ತಿದ್ದವನು, ನಕ್ಕಿದ್ದ. "ಆಂಟಿ, ನಮ್ ಗುರುನ ನಿನ್ ಮಡಿಲಿಗೇ ತಂದು ಹಾಕ್ತೀನಿ, ಸುಮ್ನಿರು."

ಹತ್ತು ಗಂಟೆಗೆ ಫಿಫಿಯ ಗಾಡಿ ಅವಳ ಒಲೆಯ ಮುಂದೆ ಬಂದು ನಿಂತಿತು. ಫಿಫಿ ತಗಡು ಬಡಿದು "ಎಕುವಾ!" ಎಂದ. ಏಳೆಂಟು ಜನ ಇಳಿದರು. ಕೋಬಿನಾ ಕಿಟಕಿಯಿಂದ ಹೊರಗೆ ನೋಡಿ, ಕದಲದೆ ಕೂತ.

"ಇದಲ್ಲ ಕಣೋ."

"ಇದೇ ಗುರುವೇ. ನೋಡು, ಆಂಟಿ ಇಲ್ಲೇ ನಿಂತಿದ್ದಾಳೆ."

"ನಂಗೇ ದಾರಿ ಹೇಳ್ತೀಯಾ?" ಮುದುಕ ರೇಗಿದ. "ಮೂವತ್ತು ವರ್ಷ ಗಾಡಿ ಓಡಿಸಿದೀನಿ."

ಎಕುವಾ ಓಡಿ ಬಂದು ಕಿಟಕಿಯೊಳಗೆ ಕೈ ಹಾಕಿ ಅವನ ಮುಂಗೈ ಹಿಡಿದಳು. "ರೀ, ಇಳೀರಿ. ನಾನೇ ಅಲ್ವೇನ್ರೀ? ನಿಮ್ ಹೆಂಡ್ತಿ!"

ಕೋಬಿನಾ ಅವಳ ಮುಖವನ್ನು ತುಂಬ ಹೊತ್ತು ನೋಡಿದ. ಮನೆಯಲ್ಲಿ ರಾತ್ರಿ ಗುರುತು ಹಿಡಿಯುವ ಮುಖ, ಮರದಡಿ ಗುರುತು ಹಿಡಿಯುವ ಮುಖ. ಆದರೆ ಈ ದಂಡೆಯಲ್ಲಿ ಅದು ಯಾರದೋ. "ಕೈ ಬಿಡಮ್ಮಾ, ಜನ ನೋಡ್ತಾರೆ" ಎಂದ, ಮರ್ಯಾದೆಯಿಂದಲೇ. ಹಿಂದಿನ ಗಾಡಿ ಹಾರ್ನ್ ಹೊಡೆಯಿತು, ಟ್ರೋಟ್ರೋ ಹೊರಟುಹೋಯಿತು. ಎಕುವಾ ರಸ್ತೆಯಲ್ಲೇ ನಿಂತು ಅತ್ತಳು. ಒಲೆಯ ಮೇಲೆ ಮೀನು ಕರಕಲಾಯಿತು.

ಇಪ್ಪತ್ತು ನಿಮಿಷ ಅವಳು ಗಾಡಿ ಹೋದ ದಾರಿಯನ್ನೇ ನೋಡಿದಳು. ಆಮೇಲೆ ಅದೇ ಗಾಡಿ ಕೊನೇ ನಿಲ್ದಾಣ ಮುಟ್ಟಿ, ಆಚೆ ಬದಿಯಿಂದ ವಾಪಸು ಬಂತು. ಕೆಂಪು ದೀಪಕ್ಕೆ ನಿಂತದ್ದೇ ತಡ, ಕೋಬಿನಾ ತಾನೇ ಬಾಗಿಲು ತಳ್ಳಿ ಇಳಿದ. ಫಿಫಿ ಹಿಂದೆಯೇ ಹಾರಿ ಅವನ ಅಂಗಿ ಹಿಡಿಯುವಷ್ಟರಲ್ಲಿ, ಮುದುಕ ಗಾಡಿಗಳ ಸಂದಿಯಲ್ಲಿ ನುಸುಳಿ ದಿಬ್ಬ ಹತ್ತಿದ್ದ. ಮರವಿಲ್ಲ, ಬೆಂಚಿಲ್ಲ. ಅವನು ಅದೊಂದನ್ನೂ ಗಮನಿಸಲಿಲ್ಲ. ಬೆಂಚಿದ್ದ ಕಡೆಯೇ ಸಿಮೆಂಟಿನ ಮೇಲೆ ಕೂತು ಗಡಿಯಾರ ನೋಡಿಕೊಂಡ.

ಎಕುವಾ ಬಟ್ಟಲಿಗೆ ಎರಡು ಕೆಂಕೆ, ಒಂದು ಮೀನು, ಖಾರ ಹಾಕಿಕೊಂಡು ದಂಡೆಯ ತುದಿಗೆ ಬಂದಳು. ಹಸಿರು ದೀಪ ಹತ್ತಿ ಬಂದರಿನ ಲಾರಿಗಳು ಒಂದರ ಬೆನ್ನಿಗೊಂದು ಬರುತ್ತಿದ್ದವು. ದಿಬ್ಬದಿಂದ ಫಿಫಿ ನೋಡಿದ. ಎರಡೂ ಕೈ ಚಾಚಿ ರಸ್ತೆಗಿಳಿದು, ಲಾರಿಯೊಂದರ ಮುಂದೆ ನಿಂತು ಅದರ ಮೂತಿಗೆ ಬಡಿದ. "ನಿಲ್ಸೋ! ಎಕುವಾ ಬರ್ತಿದ್ದಾಳೆ!" ಇನ್ನಿಬ್ಬರು ಮೇಟ್‌ಗಳೂ ಇಳಿದರು. ಅವಳು ಬಟ್ಟಲು ತುಳುಕದಂತೆ ದಾಟಿದಳು.

"ಎಷ್ಟು ಹೊತ್ತೇ ಮಾಡೋದು ಎಕುವಾ?" ಎಂದ ಕೋಬಿನಾ, ಅವಳ ಮುಖ ನೋಡಿದ್ದೇ. "ಹೊಟ್ಟೆ ಹಸೀತಿದೆ."

"ದಾರಿ ಸಿಗ್ಲಿಲ್ಲ ಕಣ್ರೀ" ಎಂದು ಅವಳು ಪಕ್ಕದಲ್ಲಿ ಕೂತಳು. ಎರಡೂ ಕಡೆ ಗಾಡಿಗಳು ಹರಿಯುತ್ತಿದ್ದವು.

ಅವನು ಒಂದು ಕೆಂಕೆ ಮುಗಿಸಿ, ಗಲ್ಲದಿಂದ ಎದುರು ದಂಡೆ ತೋರಿಸಿದ. "ಅಲ್ಲೊಬ್ಬಳು ಇದ್ದಾಳೆ ನೋಡು. ನನ್ನ ಕೈ ಹಿಡಿದು, ನಾನೇ ನಿನ್ನ ಹೆಂಡ್ತಿ ಅಂದ್ಲು."

"ನೀವೇನಂದ್ರಿ?"

"ಏನನ್ನೋದು? ನನ್ನ ಹೆಂಡ್ತಿ ಎಕುವಾದಲ್ಲಿ ಕಾಯ್ತಿರ್ತಾಳಲ್ಲ." ಮೀನಿನ ಮುಳ್ಳು ತೆಗೆದು, ತಿರುಳನ್ನು ಅವಳ ಕೈಗಿಟ್ಟ. "ಹೋಗಿ ಅವಳಿಗೆ ಬೈಬೇಡ ಮತ್ತೆ. ಪಾಪ, ಅಳ್ತಿದ್ಲು."

ನಗಬೇಕೋ ಅಳಬೇಕೋ ಎಕುವಾಗೆ ತಿಳಿಯಲಿಲ್ಲ. ಆ ಇನ್ನೊಬ್ಬಳ ಮೇಲೆ ಒಂದು ಕ್ಷಣ ಹೊಟ್ಟೆಕಿಚ್ಚೂ ಆಯಿತು, ಕನಿಕರವೂ ಆಯಿತು. "ಬೈಯಲ್ಲ ಬಿಡಿ" ಎಂದಳು.

ಮರುದಿನ ಹತ್ತಕ್ಕೆ ಐದು ನಿಮಿಷವಿರುವಾಗ ಅವಳು ಬಟ್ಟಲು ಹಿಡಿದು ದಂಡೆಯ ತುದಿಗೆ ಬಂದು ನಿಂತಳು. ಪಕ್ಕದಲ್ಲಿ ಹೊಸಬನೊಬ್ಬ ಚೀಲ ಹೊತ್ತು ದಿಕ್ಕೆಟ್ಟು ನಿಂತಿದ್ದ. "ಎಕುವಾ ಜಂಕ್ಷನ್ ಇದೇ ಏನಮ್ಮಾ?"

"ಇಲ್ಲಪ್ಪಾ" ಎಂದು ಅವಳು ನಡುರಸ್ತೆಯ ದಿಬ್ಬಕ್ಕೆ ಕೈ ಚಾಚಿದಳು. "ಅಲ್ಲಿ. ನಾನೂ ಅಲ್ಲಿಗೇ ಹೊರಟಿದ್ದೀನಿ."